ಎರಡು ಸಾವಿರ ಗಂಟೆಯ ಕರುಣೆ

ನ್ಯೂಜೆರ್ಸಿಯಿಂದ ತಂಗಿ ಫೋನ್ ಮಾಡಿ, "ಅಣ್ಣಾ, ನಿನ್ನ ಸೋದರಳಿಯ ಪಿಎ ಆಗ್ತಾನಂತೆ" ಎಂದಾಗ ಹಿಗ್ಗಿಹೋದೆ. ವಿಧಾನಸೌಧದಲ್ಲಿ ಮಂತ್ರಿಗಿಂತ ಮಂತ್ರಿಯ ಪಿಎ ಎಷ್ಟು ದೊಡ್ಡವನೆಂದು ಬಲ್ಲವನು ನಾನು. "ಯಾವ ಖಾತೆ?" ಎಂದು ಕೇಳಿಯೂಬಿಟ್ಟೆ.

ಅದು ಫಿಸಿಶಿಯನ್ ಅಸಿಸ್ಟೆಂಟ್ ಅಂತೆ. ರೋಗಿಯನ್ನು ಪರೀಕ್ಷಿಸುವ, ಔಷಧಿ ಬರೆದುಕೊಡುವ ಗಟ್ಟಿ ಕೆಲಸ. ಆದರೆ ಅದನ್ನು ಓದಲು ಅರ್ಜಿ ಹಾಕುವ ಮೊದಲೇ ರೋಗಿಗಳ ಸೇವೆ ಮಾಡಿರಬೇಕು. ಕೆಲವು ಕಾಲೇಜಿಗೆ 500 ಗಂಟೆ, ಕೆಲವಕ್ಕೆ 1000, ಇನ್ನು ಕೆಲವಕ್ಕೆ 2000. ವಾರಕ್ಕೆ 40 ಗಂಟೆ ದುಡಿದರೂ ಒಂದು ವರ್ಷದ ಪುಣ್ಯ.

ನಾನು ಅಲ್ಲಿಗೆ ಹೋದಾಗ ಹುಡುಗ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್ ಆಗಿ ಒಂದು ನರ್ಸಿಂಗ್ ಹೋಮಿನಲ್ಲಿದ್ದ. ನಮ್ಮ ನರ್ಸಿಂಗ್ ಹೋಮಿಗೆ ಜನ ಹುಟ್ಟಲು ಹೋಗುತ್ತಾರೆ. ಅಲ್ಲಿನದು ವಯಸ್ಸಾದವರು ಉಳಿದ ದಿನ ಕಳೆಯುವ ಜಾಗ. ಈ ಕೆಲಸಕ್ಕೆ ಅಮೆರಿಕದ ಕೇಂದ್ರ ಕಾನೂನು ಕೇಳುವ ತರಬೇತಿ ಕನಿಷ್ಠ 75 ಗಂಟೆ. ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಬೆನ್ನು ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮನೆಗೆ ಬಂದವನೇ ಹಾಲಿನವನ ಲೆಕ್ಕದಂತೆ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ: ಎಂಟು, ಎಂಟು, ಹನ್ನೆರಡು.

ಅರ್ಜಿಯಲ್ಲಿ ಕರುಣೆಗೆ ಖಾನೆಗಳಿವೆ. ರೋಗಿಯ ಆರೈಕೆಯ ಹೊಣೆ ನಿಮ್ಮದಾದರೆ 'ಪೇಷೆಂಟ್ ಕೇರ್'. ಅದೇ ರೋಗಿಗೆ ಊಟದ ತಟ್ಟೆ ತಂದಿಟ್ಟರೆ ಬರೀ 'ಹೆಲ್ತ್‌ಕೇರ್', ದರ ಕಡಿಮೆ. ಡಾಕ್ಟರ ಹಿಂದೆ ಸುಮ್ಮನೆ ಸುತ್ತಿದರೆ 'ಶ್ಯಾಡೋಯಿಂಗ್'; ನೆರಳಿಗೂ ಬೇರೆ ಖಾತೆ. ಚಿತ್ರಗುಪ್ತನೂ ಇಷ್ಟು ವಿಂಗಡಿಸಿರಲಾರ.

ಒಂದು ಬೆಳಿಗ್ಗೆ ನನ್ನ ಸೊಂಟ ಹಿಡಿದುಕೊಂಡಿತು. ಹುಡುಗ ಓಡಿಬಂದು, ನೋವಾಗದಂತೆ ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ಕೈ ಪಳಗಿದೆಯಲ್ಲ ಎಂದು ಮೆಚ್ಚುವಷ್ಟರಲ್ಲಿ ನಿಟ್ಟುಸಿರು ಬಿಟ್ಟ: "ಏನ್ ಮಾಡೋದು ಮಾಮ, ಫ್ಯಾಮಿಲಿ ಕೌಂಟ್ ಆಗಲ್ಲ."

ಈ ಪಿಎ ವೃತ್ತಿ ಶುರುವಾದದ್ದೇ ಉಲ್ಟಾ ದಾರಿಯಲ್ಲಿ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ಮೊದಲ ತರಗತಿ ತೆರೆದಾಗ ಸೇರಿಸಿಕೊಂಡದ್ದು ನಾಲ್ವರನ್ನು. ಎಲ್ಲರೂ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರು. ಕೈಯಲ್ಲಿ ಕಸುಬಿತ್ತು, ಸರ್ಟಿಫಿಕೇಟು ಬೇಕಿತ್ತು. ಈಗ ಸರ್ಟಿಫಿಕೇಟಿನ ದಾರಿಯಲ್ಲಿ ಹೊರಟ ಮಕ್ಕಳು ಕಸುಬನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದಾರೆ.

ನಾವು ನಗಬೇಕಿಲ್ಲ. ನಮ್ಮಲ್ಲಿ ಡಾಕ್ಟರಾಗುವವನು ಮೊದಲೇ ರೋಗಿಯನ್ನು ನೋಡಿರಬೇಕೆಂಬ ರಗಳೆಯೇ ಇಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಕಪ್ಪೆಗೆ ಹೃದಯದಲ್ಲಿ ಮೂರು ಕೋಣೆ ಎಂದು ಗೊತ್ತಿದ್ದರೆ ಸಾಕು, ಪಕ್ಕದ ಕೋಣೆಯಲ್ಲಿ ಕೆಮ್ಮುವ ಅಜ್ಜಿಗೆ ನೀರು ಕೊಟ್ಟಿರಬೇಕಿಲ್ಲ. ಕೊಡಲು ಹೋದರೆ ಅಮ್ಮನೇ ಗದರುತ್ತಾಳೆ: "ನೀನು ಓದ್ಕೋ ಹೋಗು." ಅಲ್ಲಿ ಅಳತೆ ತಪ್ಪಿದೆ, ಇಲ್ಲಿ ಅಳೆಯುವ ಗೋಜಿಗೇ ಹೋಗಿಲ್ಲ.

ಹುಡುಗನಿಗೆ ಕೆಲಸ ಕಲಿಸಿದಾಕೆ ಘಾನಾದಿಂದ ಬಂದ ಹೆಂಗಸು. 18 ವರ್ಷದಿಂದ ಅದೇ ಕೆಲಸ. ಮನಸ್ಸಿನಲ್ಲೇ ಗುಣಿಸಿದೆ: 36,000 ಗಂಟೆ. ಹದಿನೆಂಟು ಮಂದಿಗೆ ಸಾಲುವಷ್ಟು ಅರ್ಹತೆ ಒಬ್ಬಳ ಬೆನ್ನಲ್ಲಿದೆ, ನೋವಿನ ರೂಪದಲ್ಲಿ. "ನೀವೂ ಅರ್ಜಿ ಹಾಕಬಹುದಲ್ಲ?" ಎಂದೆ. ಆಕೆ ನಕ್ಕು ಹೇಳಿದಳು: "ನನಗೆ ಡಿಗ್ರಿ ಇಲ್ಲ, ಕೆಮಿಸ್ಟ್ರಿ ಇಲ್ಲ. ಇರುವುದು ಅನುಭವ ಮಾತ್ರ."

ಗಂಟೆಗಳ ಜೊತೆಗೆ 5000 ಅಕ್ಷರ ಮೀರದ ಒಂದು ಪ್ರಬಂಧವೂ ಬೇಕು. ಹುಡುಗ ನನಗೆ ಓದಿ ಹೇಳಿದ. ನೀಲಿ ಟೋಪಿಯ ಒಬ್ಬ ಅಜ್ಜ. ರಾತ್ರಿಪಾಳಿ. ಹುಡುಗನ ಕೈ ಹಿಡಿದುಕೊಂಡೇ ಅಜ್ಜ ಕೊನೆಯುಸಿರೆಳೆಯುತ್ತಾನೆ. ಅಂದೇ ಹುಡುಗನಿಗೆ ತನ್ನ ಬದುಕಿನ ದಾರಿ ಕಾಣುತ್ತದೆ. ನಾನು ಕಣ್ಣೊರೆಸಿಕೊಂಡೆ. ತಂಗಿ ಇನ್ನೊಮ್ಮೆ ಓದಿಸಿ ಇನ್ನೊಮ್ಮೆ ಅತ್ತಳು.

ಒಂದು ಮಂಗಳವಾರ ಕ್ಯಾಲೆಂಡರ್ 2000 ಮುಟ್ಟಿತು. ಬುಧವಾರ ಹುಡುಗ ರಾಜೀನಾಮೆ ಕೊಟ್ಟ. ಶುಕ್ರವಾರ ಬ್ಯಾಡ್ಜ್ ಹಿಂದಿರುಗಿಸಲು ಹೋದಾಗ, "ಮಾಮ, ನೀವೇ ಕೊಟ್ಟುಬನ್ನಿ, ಅರ್ಜಿ ಸಬ್ಮಿಟ್ ಮಾಡ್ಬೇಕು" ಎಂದು ಕಾರಿನಲ್ಲೇ ಕುಳಿತ. ತಂಗಿ ಮಾಡಿಕೊಟ್ಟಿದ್ದ ಕೇಸರಿಬಾತಿನ ಡಬ್ಬಿ ಹಿಡಿದು ಒಳಗೆ ಹೋದೆ.

ಕಾರಿಡಾರಿನಲ್ಲಿ, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜ. ತಲೆಯ ಮೇಲೆ ನೀಲಿ ಟೋಪಿ. ಚಮಚದಲ್ಲಿ ಪುಡ್ಡಿಂಗ್ ತಿನ್ನುತ್ತಾ ಘಾನಾದ ಹೆಂಗಸನ್ನು ಕೇಳುತ್ತಿದ್ದ: "ಆ ಹುಡುಗ ಎಲ್ಲಿ? ಎರಡು ದಿನದಿಂದ ಕಾಣಿಸ್ತಿಲ್ಲ."

"ಅವನ ಟೈಮ್ ಮುಗೀತು" ಎಂದಳು ಆಕೆ.

ಅಜ್ಜ ಚಮಚ ಕೆಳಗಿಟ್ಟ. ನಿಧಾನವಾಗಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. "ಪಾಪ, ಎಷ್ಟು ಚಿಕ್ಕ ವಯಸ್ಸು."

ಆಕೆ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ. ಇವನು ಅಲ್ಲಿ ಅಜ್ಜನನ್ನು ಕಳಿಸಿಕೊಟ್ಟಿದ್ದ, ಅಜ್ಜ ಇಲ್ಲಿ ಇವನನ್ನು. ಲೆಕ್ಕ ಚುಕ್ತಾ.