ಸಾಂಸ್ಕೃತಿಕ ಕಾರ್ಯದರ್ಶಿಗಳು

ಮುಂಬಯಿಯ ಯಾವ ಕನ್ನಡ ಸಂಘದ ಮೆಟ್ಟಿಲನ್ನೇರಿದರೂ, ಕೊರಳಿಗೆ ಸೀಟಿಯನ್ನೂ ಕಂಕುಳಿಗೆ ಕಡತವನ್ನೂ ತಗುಲಿಸಿಕೊಂಡು, ತಾವೊಂದು ಹೆಜ್ಜೆಯನ್ನೂ ಇಡಲರಿಯದೆ ಅನ್ಯರನ್ನು ಕುಣಿಸುವುದರಲ್ಲಿ ಪಾರಂಗತರಾದ ಸಾಂಸ್ಕೃತಿಕ ಕಾರ್ಯದರ್ಶಿಗಳೊಬ್ಬರು ಎದುರಾಗದೆ ಇರುವುದಿಲ್ಲ. ನಾನು ಬಲ್ಲವರು ಹಗಲು ಬ್ಯಾಂಕಿನ ಲೆಕ್ಕಪರಿಶೋಧಕರು. ಸಂಜೆ ಮಾಟುಂಗದ ಬಾಡಿಗೆ ಸಭಾಂಗಣದಲ್ಲಿ ಸಾಕ್ಷಾತ್ ಭರತಮುನಿಗಳು.

ಈ ಸಲದ ರಾಜ್ಯೋತ್ಸವಕ್ಕೆ ಅವರಿಗೆ ಹೊಳೆದುದು ದೀಪನೃತ್ಯ. ಹಣತೆಯ ಎಣ್ಣೆ ರೇಷ್ಮೆಸೀರೆಗೆ ತಗಲೀತೆಂದು ಮಹಿಳಾ ವಿಭಾಗವೂ, ದೊಂದಿಯೆಂದೊಡನೆ ಕಟೀಲಿನ ತೂಟೆದಾರದಲ್ಲಿ ಭಕ್ತರು ಉರಿಯುವ ಗರಿಗಳನ್ನು ಪರಸ್ಪರ ಎಸೆಯುವುದು ನೆನಪಾಗಿ ಸಭಾಂಗಣದ ಮೇಲ್ವಿಚಾರಕರೂ ತಡೆದುದರಿಂದ, ಲೋಹಾರ್ ಚಾಳಿನಿಂದ ಸಗಟು ದರದಲ್ಲಿ ಟಾರ್ಚುಗಳು ಬಂದವು. 1892ರಲ್ಲಿ ಪ್ಯಾರಿಸಿನ ರಂಗದ ಮೇಲೆ ಲೋಯಿ ಫುಲ್ಲರಳು ವಿದ್ಯುದ್ದೀಪಗಳಿಂದ ಸಾಧಿಸಿದುದನ್ನು ತಾವು ಎರಡು ಸೆಲ್ಲಿನಿಂದ ಸಾಧಿಸುವೆವೆಂದು ಅವರು ಪ್ರತಿ ಸಭೆಯಲ್ಲಿಯೂ ಸಾರಿದರು.

ಕತ್ತಲೆಯಲ್ಲಿ ಜಿಲ್ಲೆಗೊಬ್ಬರಂತೆ ಹೆಂಗಸರು ನಿಂತು ಕರ್ನಾಟಕದ ಭೂಪಟವಾಗಬೇಕು. ಈಗಿನ 31 ಜಿಲ್ಲೆಗಳು ವೇದಿಕೆಯಲ್ಲಿ ಹಿಡಿಸದಿರಲು, 1973ರಲ್ಲಿ ನಾಡು ಕರ್ನಾಟಕವೆಂಬ ಹೆಸರು ತಳೆದಾಗಿದ್ದ 19ಕ್ಕೇ ಅವರು ಮರಳಿದರು. ಆ 19ನ್ನಾದರೂ ತಾಲೀಮಿನಲ್ಲಿ ಒಟ್ಟಿಗೆ ಕಂಡವರಿಲ್ಲ. ವೆಸ್ಟರ್ನ್ ಲೈನಿನವರು ಬಂದ ದಿನ ಸೆಂಟ್ರಲ್ ಲೈನಿನವರಿಲ್ಲ. "ಬೀದರ ಎಲ್ಲಿ?" "ಡೊಂಬಿವಲಿಯಲ್ಲಿದೆ, ಗಾಡಿ ಹತ್ತಲಾಗಲಿಲ್ಲವಂತೆ." "ಕೊಡಗು?" "ಮಗನಿಗೆ ಪರೀಕ್ಷೆ." ಬಳ್ಳಾರಿಗೂ ರಾಯಚೂರಿಗೂ ಹೋದ ವರ್ಷದ ಅರಿಸಿನ-ಕುಂಕುಮದಿಂದೀಚೆಗೆ ಮಾತಿಲ್ಲ. ಮುಖ್ಯ ಅತಿಥಿಗಳು ಮರಾಠಿ ನಗರಸೇವಕರೆಂದು ತಿಳಿದೊಡನೆ ಬೆಳಗಾವಿಯ ಟಾರ್ಚಿಗೆ ಮಾತ್ರ ಹಳೆಯ ಸೆಲ್ಲುಗಳನ್ನು ಹಾಕಿಸಿದ ಕಾರ್ಯದರ್ಶಿಗಳ ರಾಜನೀತಿಯನ್ನು ದಿಲ್ಲಿಯವರೂ ಕಲಿಯಬಹುದಿತ್ತು.

ಸಂಕಟ ಬಂದುದು ಇಪ್ಪತ್ತನೆಯ ದೀಪದಿಂದ. ಕಾಸರಗೋಡಿನಲ್ಲಿ ಹುಟ್ಟಿ ಚೆಂಬೂರಿನಲ್ಲಿ ನೆಲೆಸಿದ ಹಿರಿಯರೊಬ್ಬರು ತಮ್ಮದೇ ಟಾರ್ಚು ತಂದು ದಕ್ಷಿಣ ಕನ್ನಡದ ಕೆಳಗೆ ನಿಂತುಬಿಟ್ಟರು. ಅದು 1956ರಲ್ಲಿಯೇ ಕೇರಳಕ್ಕೆ ಸೇರಿತೆಂದು ಕಾರ್ಯದರ್ಶಿಗಳು ಸವಿನಯವಾಗಿ ಅರಿಕೆ ಮಾಡಲು, ಚಂದ್ರಗಿರಿ ಹೊಳೆಯ ಉತ್ತರಭಾಗವು ನಮಗೇ ಸಲ್ಲತಕ್ಕದ್ದೆಂದು 1967ರ ಮಹಾಜನ ವರದಿಯಲ್ಲಿದೆಯೆನ್ನುತ್ತ ಆಕೆ ಬೆಳಕನ್ನು ಅವರ ಕಣ್ಣಿಗೇ ಹಿಡಿದರು. ಕಡೆಗೆ, ಭೂಪಟದಿಂದ ಎರಡಡಿ ಹೊರಗೆ, ಟಾರ್ಚನ್ನು ಹೊತ್ತಿಸದೆ ನಿಲ್ಲುವುದೆಂದು ರಾಜಿಯಾಯಿತು.

ಪ್ರದರ್ಶನದ ಸಂಜೆಯೂ ಬೀದರ ಡೊಂಬಿವಲಿಯಲ್ಲಿಯೇ ಉಳಿಯಿತು. ನಾಡಿನ ನೆತ್ತಿ ಕತ್ತಲಾಗಿ, ಪರದೆಯ ಮರೆಯಲ್ಲಿ ಕಾರ್ಯದರ್ಶಿಗಳು ಹಣೆ ಚಚ್ಚಿಕೊಳ್ಳುತ್ತಿರುವಷ್ಟರಲ್ಲಿ, ಗಡಿಯಾಚೆ ಒಂದು ಬೆಳಕು ಹೊತ್ತಿ, ದಕ್ಷಿಣ ಕನ್ನಡವನ್ನು ಸವರಿ, ಶಿವಮೊಗ್ಗೆಯ ಕಾಲು ತುಳಿದು, ಬಳ್ಳಾರಿ ರಾಯಚೂರುಗಳ ನಡುವಣ ಮೌನವನ್ನು ಭೇದಿಸಿ, ಬೀದರದಲ್ಲಿ ಹೋಗಿ ನಿಂತಿತು. ಸಭಾಂಗಣವೆಲ್ಲ ಕರತಾಡನ. "ಪರಿಕಲ್ಪನೆ ನನ್ನದೇ," ಎಂದು ಕಾರ್ಯದರ್ಶಿಗಳು ಪಕ್ಕದವರಿಗೆ ಉಸುರಿ, ಎರಡನೆಯ ದೃಶ್ಯಕ್ಕಾಗಿ ಪರದೆಯ ಸಂದಿನಿಂದ ಬೇಡಿಕೊಂಡರು: "ಅಮ್ಮಾ, ಇನ್ನು ನಿಮ್ಮ ಜಾಗಕ್ಕೆ ಹೋಗಿ."

"ಒಳಗೆ ಬಂದಾಯಿತಲ್ಲ ಮಾರಾಯ್ರೆ," ಎಂದಿತು ಬೀದರ, "ಇನ್ನು ಹೊರಗೆ ಹೋಗುವುದುಂಟಾ?"