ಮುಂದೆ ಪೊಲೀಸ್ ಅವ್ರೆ!

ನಮ್ಮ ಕೈಲಾಂಚದ ಕಡೆ ಹೆಲ್ಮೆಟ್ ಇಲ್ಲದ ಬೈಕು ಕಡಿಮೆ. ಹೆಲ್ಮೆಟ್ ಇರುವ ತಲೆ ಮಾತ್ರ ಹುಡುಕಬೇಕು. ಅದು ಕನ್ನಡಿಗೆ ನೇತುಹಾಕಿಕೊಂಡೋ, ಟ್ಯಾಂಕಿನ ಮೇಲೆ ಕೂಸಿನಂತೆ ಕೂತೋ ರಾಮನಗರದವರೆಗೆ ಬರುತ್ತದೆ. ಎದುರಿನವನು ಲೈಟು ಮಿಣುಕಿಸಿದನೋ, ಪಟ್ಟನೆ ತಲೆಗೇರುತ್ತದೆ: ಮುಂದೆ ಪೊಲೀಸ್ ಅವ್ರೆ! ಬದುವಿನ ಜಗಳಕ್ಕೆ ಕೋರ್ಟು ಅಲೆಯುತ್ತಿರುವ ದಾಯಾದಿಗೂ ಈ ಲೈಟಿನ ಉಪಕಾರ ತಪ್ಪಿಸುವುದಿಲ್ಲ. ತಲೆಯ ಮಾತು ಆಮೇಲೆ, ಮೊದಲು 500 ರೂಪಾಯಿ ದಂಡ ಉಳಿಯಲಿ.

ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರಲ್ಲಿ. ಹಿಂದೆ ಕೂತ ಅಕ್ಕನಿಗೆ ಹೇಳಿ ನೋಡಿ. "ಮುಡ್ದಿರೋ ಹೂವ ಏನ್ ಮಾಡ್ಲಪ್ಪ?" ಇದಕ್ಕೆ ಮೋಟಾರು ವಾಹನ ಕಾಯ್ದೆಯಲ್ಲಿ ಉತ್ತರವಿಲ್ಲ.

ಬೆಳಗ್ಗೆ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೊರಟ ಬೈಕು ನೋಡಬೇಕು. ಹಿಂದೆ ಮುಂದೆ ಚೀಲ, ಸವಾರ ಎಲ್ಲೋ ನಡುವೆ. ಅವನ ಅವಸರ ನ್ಯಾಯವಾದದ್ದೇ. ಹುಳು ಚಿಟ್ಟೆಯಾಗಿ ತೂತು ಕೊರೆದರೆ ಗೂಡಿಗೆ ಬೆಲೆಯಿಲ್ಲ, ಹರಾಜೂ ಕಾಯುವುದಿಲ್ಲ. ನನಗೆ ತಿಳಿಯದ್ದು ಗೂಡು ಮಾರಿ ವಾಪಸು ಬರುವಾಗಿನ ಅವಸರ. ಚೀಲ ಖಾಲಿ, ಕೆಲಸ ಮುಗಿದಿದೆ, ಆದರೂ ರಾಂಗ್ ಸೈಡಿನಲ್ಲೇ ನುಗ್ಗಬೇಕು. ನುಗ್ಗಿ ಬಂದು ಟೀ ಅಂಗಡಿಯಲ್ಲಿ ಮಧ್ಯಾಹ್ನದ ತನಕ ರಾಜಕೀಯ ಮಾತಾಡಬೇಕು.

ಒಂಬತ್ತನೇ ಕ್ಲಾಸಿನ ಹುಡುಗ ಡೇರಿಗೆ ಹಾಲು ಹಾಕಲು ಸ್ಕೂಟರ್ ಏರುತ್ತಾನೆ. "ಅಜ್ಜ, 2019ರ ತಿದ್ದುಪಡಿ ಪ್ರಕಾರ ಮಕ್ಕಳ ಕೈಗೆ ಗಾಡಿ ಕೊಟ್ಟ ದೊಡ್ಡವರಿಗೆ 25,000 ದಂಡ, ಮೂರು ವರ್ಷದ ತನಕ ಜೈಲು" ಅಂದೆ. ಅಜ್ಜ ರಾಮದೇವರ ಬೆಟ್ಟದಲ್ಲಿ 'ಶೋಲೆ' ತೆಗೆದ ಕಾಲದವರು. "ಧರ್ಮೇಂದ್ರ ಅಮಿತಾಬನ ಹೆಗಲ್ ಮ್ಯಾಲೇ ಕುಂತ್ಕಂಡು ಬೈಕಲ್ಲಿ ವೋಯ್ತನೆ. ಅವ್ನ ಯಾರ್ ಹಿಡುದ್ರು, ಬುಡಪ್ಪ!"

ಹಳ್ಳಿಯವರನ್ನೇ ಆಡಿಕೊಳ್ಳಬೇಕಾಗಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಬರಬಾರದೆಂದು 2023ರ ಆಗಸ್ಟಿನಲ್ಲಿ ತಡೆದರು. ಉಳಿದ ಕಾರಿನವರು ಕ್ಯಾಮೆರಾ ಕಂಬ ಕಂಡರೆ 100ಕ್ಕೆ ಇಳಿಯುತ್ತಾರೆ, ದಾಟಿದೊಡನೆ ಹಾರುತ್ತಾರೆ. ಅಲ್ಲಿ ಕಂಬ, ಇಲ್ಲಿ ಪೇದೆ. ಇಬ್ಬರೂ ಇಲ್ಲದ ಕಡೆ ರಸ್ತೆ ನಮ್ಮ ಮನೆಯಂಗಳ.

ಅಂಗಳ ಅಂದದ್ದು ಸುಮ್ಮನಲ್ಲ. ರಾಗಿ ಕೊಯ್ಲು ಮುಗಿಯಲಿ, ಡಾಂಬರು ರಸ್ತೆಯೇ ಕಣ. ಸಗಣಿ ಸಾರಿಸಿ ಕಣ ಮಾಡಲು ಆಳಿಲ್ಲ, ತುಳಿಸಲು ಎತ್ತಿಲ್ಲ; ಬಸ್ಸು, ಲಾರಿ ಬಿಟ್ಟಿ ಒಕ್ಕಣೆ ಮಾಡಿಕೊಡುತ್ತವೆ. ಬೈಕಿನವನು ಜಾರುತ್ತಾನೆ. ಹುರುಳಿ ಬಳ್ಳಿಯಾದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಕಾರಿನ ಬಿಸಿ ಸೈಲೆನ್ಸರಿಗೆ ತಗುಲಿ ಬೆಂಕಿ ಹತ್ತುವುದೂ ಉಂಟು. ಗಾಡಿಗಳು ತಪ್ಪಿಸಿಕೊಂಡು ಹೋಗದಿರಲೆಂದು ಪಕ್ಕಕ್ಕೆ ದಪ್ಪ ದಪ್ಪ ಕಲ್ಲು ಬೇರೆ ಇಟ್ಟಿರುತ್ತಾರೆ.

"ಅಣ್ಣ, ರಸ್ತೆ ಮೇಲೆ ಒಕ್ಕಣೆ ಮಾಡಬಾರದಂತೆ."

"ಪೂರ್ತಿ ಎಲ್ ಆಕಿವ್ನಿ? ಅರ್ಧ ಬುಟ್ಟಿವ್ನಲ್ಲ!"

ಆ ಅರ್ಧದಲ್ಲಿ ಅವರ ತಮ್ಮನ ಹುರುಳಿ ಇತ್ತು.