ಎಲ್ಲಿವರೆಗೆ ಮುಟ್ಟಿತು?

ಲಾಯಿಲದಲ್ಲಿ ಕತೆಯ ಹುಚ್ಚಿನವರೊಬ್ಬರಿದ್ದಾರೆ. ಇವರಿಂದ ಪುಸ್ತಕ ತರುವುದಕ್ಕಿಂತ ಬ್ಯಾಂಕಿನಿಂದ ಸಾಲ ತರುವುದು ಸುಖ. ಬ್ಯಾಂಕಿನವರು ತಿಂಗಳಿಗೊಮ್ಮೆ ನೆನಪು ಮಾಡುತ್ತಾರೆ, ಇವರು ದಿನಕ್ಕೆರಡು ಸಲ. ಬೆಳಿಗ್ಗೆ ಹಾಲಿನ ಸೊಸೈಟಿಯಲ್ಲಿ, “ಎಲ್ಲಿವರೆಗೆ ಮುಟ್ಟಿತು?” ಸಂಜೆ ಬೆಳ್ತಂಗಡಿ ಬಸ್ಸಿಳಿಯುವಾಗ ಮತ್ತೆ ಅದೇ. ಪುಸ್ತಕ ವಾಪಸ್ ಬೇಕೆಂದಲ್ಲ. ತಾನು ಬೆಚ್ಚಿದ ಪುಟದಲ್ಲಿ ನೀವೂ ಬೆಚ್ಚಿದಿರೋ ಇಲ್ಲವೋ ಎಂದು ಗೊತ್ತಾಗದೆ ಅವರಿಗೆ ಊಟ ಸೇರುವುದಿಲ್ಲ.

ಚಂದಮಾಮದ ಬೇತಾಳನಿಂದ ಅಂಟಿದ ಕಾಯಿಲೆ. ಆಮೇಲೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕತೆಗಳು, ಮಗನ ಕಾಲಕ್ಕೆ ಹ್ಯಾರಿ ಪಾಟರ್. “ಪೊರಕೆ ಮೇಲೆ ಹಾರುವ ಮಕ್ಕಳ ಕತೆ ಓದುವ ಪ್ರಾಯವಾ ಇದು?” ಎಂದು ಹೆಂಡತಿ ಕೇಳಿದರೆ ಉತ್ತರ ತಯಾರು: “ಯಕ್ಷಗಾನದಲ್ಲಿ ರಕ್ತಬೀಜನ ತೊಟ್ಟು ತೊಟ್ಟು ರಕ್ತಕ್ಕೆ ಒಬ್ಬೊಬ್ಬ ಏಳುವುದನ್ನು ಬೆಳಗಿನವರೆಗೆ ಕೂತು ನೋಡುವುದಿಲ್ವಾ ನೀನು?”

“ಅದು ಹರಕೆ ಆಟ,” ಎಂದು ಅವರು ಒಳಗೆ ಹೋಗುತ್ತಾರೆ. ನ್ಯಾಯವಾದ ಮಾತೇ.

ಇಂಥವರೇ ಇನ್ನೊಬ್ಬರು ಬಸ್ಸಿನಲ್ಲಿ ಸಿಕ್ಕಿದರೆ ಮುಗಿಯಿತು. ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಒಬ್ಬರೂ ಕೇಳಿಸಿಕೊಳ್ಳುವುದಿಲ್ಲ, ಇಬ್ಬರಿಗೂ ಪರಮ ತೃಪ್ತಿ. ಗುರುವಾಯನಕೆರೆಯಲ್ಲಿ ಇಳಿಯಬೇಕಾದವರು ಮಡಂತ್ಯಾರಿಗೆ ಟಿಕೆಟ್ ಮಾಡಿಸಿಕೊಂಡದ್ದೂ ಉಂಟು.

ನನ್ನ ಪಾಲಿಗೆ ಬಂದದ್ದು ತೇಜಸ್ವಿಯವರ ‘ಕರ್ವಾಲೊ’. 1980ರ ಕಾದಂಬರಿ, ಹಾರುವ ಓತಿಯನ್ನು ಹುಡುಕಿಕೊಂಡು ಮೂಡಿಗೆರೆ ಕಡೆಯ ಕರ್ವಾಲೊ, ಮಂದಣ್ಣ ಮೊದಲಾದವರು ಕಾಡಿಗೆ ಹೊರಟ ಕತೆ. “ಕೊನೆ ಏನೆಂದು ಮಾತ್ರ ಕೇಳಬಾರದು, ನಾನು ಹೇಳುವುದಿಲ್ಲ,” ಎಂದು ಆಣೆ ಹಾಕಿದ ಹಾಗೆ ಹೇಳಿ ಕೊಟ್ಟಿದ್ದರು. ನಾನು ಕೇಳಿರಲೂ ಇಲ್ಲ.

ತಮಾಷೆಯೆಂದರೆ ಆ ಪ್ರಾಣಿ ನಮ್ಮ ಅಡಿಕೆ ತೋಟಗಳಲ್ಲೇ ಉಂಟು. ಮೊನ್ನೆ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದರು. ಗೇಣುದ್ದದ ಜೀವ, ಮರದ ತೊಗಟೆಯದೇ ಬಣ್ಣ. ಗಂಟಲ ಕೆಳಗಿನ ಹಳದಿ ಚರ್ಮವನ್ನು ಚಕ್ಕನೆ ಹೊರಗೆ ಚಾಚಿ ಮಡಚಿಕೊಂಡಿತು, ಒಂದೆರಡು ಇರುವೆ ನುಂಗಿತು. ಮರುಕ್ಷಣ ಪಕ್ಕೆಲುಬು ಅಗಲಿಸಿ, ಆಚೆ ಮರದ ಬುಡದ ಕಡೆಗೆ ತೇಲಿಯೇಬಿಟ್ಟಿತು.

“ಓ, ಅದಾ? ದಿನಾ ಉಂಟು,” ಎಂದರು ಕೊಯ್ಲಿಗೆ ಬಂದವರು, ದೋಟಿಯಿಂದ ಕಣ್ಣು ತೆಗೆಯದೆ.

ಇವರಿಗೆ ಎಲ್ಲಿ ಕೇಳಬೇಕು! ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದರು: “ಕರ್ವಾಲೋರಿಂದ ತಪ್ಪಿಸಿಕೊಂಡು ಹಾರಿದ್ದು ಇದೇ ಇರಬೇಕು ಮಾರಾಯ್ರೆ! ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದರೆ ಆಯ್ತಲ್ಲ!”

“ತಪ್ಪಿಸಿಕೊಳ್ತದಾ? ನಾನಿನ್ನೂ ಅರ್ಧದಲ್ಲಿದ್ದೇನೆ.”

ನಾಲಗೆ ಕಚ್ಚಿಕೊಂಡರು. ಅರ್ಧ ನಿಮಿಷ ತಡೆದುಕೊಂಡಿರಬಹುದು.

“ಅರ್ಧ ಅಂದರೆ, ಮಂದಣ್ಣನ ಮದುವೆ ಆಯ್ತಾ?”